ಪಾಂಪೆಯ ಬೀದಿಗಳಲ್ಲಿ ಒಂದು ದಿನ

(ಹಳೆಯ ವಿದ್ಯಾರ್ಥಿ, 2003-04ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ಇಟಲಿ ದೇಶದ ನೇಪಲ್ಸ್ ನಗರದಿಂದ ಸುಮಾರು 25 ಕಿ.ಮೀ. ದೂರದಲ್ಲಿ ಪಾಂಪೆ ಎಂಬ ಹಾಳು ಪಟ್ಟಣವಿದೆ. ಕ್ರಿ.ಶ. 79ರಲ್ಲಿ ಪಕ್ಕದ ವೆಸೂವಿಯಸ್ ಬೆಟ್ಟ ಸಿಡಿದು ಬೂದಿ, ಕಲ್ಲುಗಳ ಕೆಳಗೆ ಹೂತುಹೋದ ಪಟ್ಟಣ ಇದು. ನಮ್ಮ ಶಾಲೆಯಲ್ಲಿ ಓದುವಾಗ ರೋಮನ್ ನಾಗರಿಕತೆ ಎಂಬ ಪಾಠಕ್ಕೆ ಪುಸ್ತಕದಲ್ಲಿ ನಾಲ್ಕು ಪುಟ ಇತ್ತು. ರಾಜರ ಹೆಸರು, ಯುದ್ಧದ ಇಸವಿ, 'ರೋಮನ್ನರ ಕೊಡುಗೆಗಳು' ಎಂಬ ಐದು ಅಂಕದ ಪ್ರಶ್ನೆ, ಅಷ್ಟೇ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಮಾತ್ರ ಪಾಠ ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದರು: "ರಾಜ ಏನು ಮಾಡಿದ ಅಂತ ಬರ್ಕೊಂಡ್ರಿ. ಆ ಊರಿನ ಜನ ಬೆಳಗ್ಗೆ ಎದ್ದು ಏನು ತಿಂದ್ರು, ನೀರು ಎಲ್ಲಿಂದ ತಂದ್ರು, ಅದನ್ನ ಯಾರು ಬರೀತಾರ್ರೋ?" ಈ ಪ್ರಶ್ನೆಗೆ ಉತ್ತರ ಸಿಗುವ ಊರು ಪ್ರಪಂಚದಲ್ಲಿ ಬಹಳ ಇಲ್ಲ. ಸಿಗುವ ಕೆಲವು ಊರುಗಳಲ್ಲಿ ಪಾಂಪೆ ಮುಖ್ಯವಾದದ್ದು.

2024ರ ಏಪ್ರಿಲ್‌ನಲ್ಲಿ ಕಂಪನಿಯ ಕೆಲಸದ ಮೇಲೆ ಕೆಲವು ತಿಂಗಳು ಜರ್ಮನಿಯಲ್ಲಿದ್ದೆ. ಮೂರು ದಿನ ರಜೆ ಸಿಕ್ಕಿತು. ಜೊತೆಯವರು ಪ್ಯಾರಿಸ್‌ಗೆ ಹೊರಟರು, ನಾನು ನೇಪಲ್ಸ್‌ಗೆ ಹೋದೆ. ಅಲ್ಲಿಂದ ಒಂದು ಹಳೆಯ ಲೋಕಲ್ ರೈಲು. ನಮ್ಮ ಕಡೆಯ ಪ್ಯಾಸೆಂಜರ್ ಗಾಡಿಯ ಹಾಗೇ ಪ್ರತಿ ಊರಿನಲ್ಲೂ ನಿಲ್ಲುತ್ತದೆ. ಮುಕ್ಕಾಲು ಗಂಟೆಯೊಳಗೆ ಪಾಂಪೆ ನಿಲ್ದಾಣ. ಇಳಿದು ನಾಲ್ಕು ಹೆಜ್ಜೆ ನಡೆದರೆ ಟಿಕೆಟ್ ಕೌಂಟರ್. ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದವನು ಸಂಜೆ ಗೇಟು ಹಾಕುವವರೆಗೆ ನಡೆದೆ. ಆ ದಿನ ಕಂಡದ್ದನ್ನೂ, ನೋಡುತ್ತಾ ನನಗೆ ತೋರಿದ್ದನ್ನೂ ಶಾಲೆಯ ಮಕ್ಕಳಿಗೆ, ಊರಿನ ಹಿರಿಯರಿಗೆ ಹೇಳೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಊರು ಹೂತುಹೋದ ಬಗೆ

ಮೊದಲು ಆ ಎರಡು ದಿನಗಳ ಕಥೆ. ಬೆಟ್ಟ ಪಾಂಪೆಯಿಂದ ಸುಮಾರು ಹತ್ತು ಕಿ.ಮೀ. ದೂರ. ಅದರ ಮೇಲೆ ಆಗ ದ್ರಾಕ್ಷಿ ತೋಟಗಳಿದ್ದವು. ಅದರೊಳಗೆ ಬೆಂಕಿ ಇದೆಯೆಂದು ಊರಿನ ಜನ ಎಣಿಸಿರಲಿಲ್ಲ. 17 ವರ್ಷ ಮುಂಚೆ, ಕ್ರಿ.ಶ. 62ರಲ್ಲಿ, ದೊಡ್ಡ ಭೂಕಂಪವಾಗಿ ಅರ್ಧ ಊರು ಬಿದ್ದುಹೋಗಿತ್ತು. ಜನ ಊರು ಬಿಡದೆ ಮತ್ತೆ ಕಟ್ಟಿಕೊಂಡರು. ಬೆಟ್ಟ ಸಿಡಿದ ದಿನವೂ ಎಷ್ಟೋ ಮನೆಗಳಲ್ಲಿ ಗಾರೆ ಕೆಲಸ ನಡೆದೇ ಇತ್ತು.

ಒಂದು ಮಧ್ಯಾಹ್ನ ಬೆಟ್ಟದ ತಲೆ ಒಡೆದು ಹೊಗೆಯ ಕಂಬ ಎದ್ದಿತು. ಕೊಲ್ಲಿಯ ಆಚೆ ದಡದಲ್ಲಿದ್ದ 17 ವರ್ಷದ ಒಬ್ಬ ಹುಡುಗ ಅದನ್ನು ನೋಡಿದ. ಅವನೇ ಮುಂದೆ ಕಿರಿಯ ಪ್ಲಿನಿ ಎಂದು ಹೆಸರಾದವನು. ಎಷ್ಟೋ ವರ್ಷಗಳ ನಂತರ ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಎರಡು ಕಾಗದಗಳಲ್ಲಿ ಅವನು ತಾನು ಕಂಡದ್ದನ್ನು ವಿವರಿಸಿದ್ದಾನೆ. ಹೊಗೆ ಕೊಡೆಯಾಕಾರದ ಪೈನ್ ಮರದಂತೆ ಹರಡಿತ್ತು ಎಂದಿದ್ದಾನೆ. ಅವನ ಸೋದರಮಾವ ಹಿರಿಯ ಪ್ಲಿನಿ ಅಲ್ಲಿನ ನೌಕಾಪಡೆಯ ಅಧಿಕಾರಿ, ದೊಡ್ಡ ವಿದ್ವಾಂಸ. ಜನರನ್ನು ಕರೆತರಲು ಹಡಗು ತೆಗೆದುಕೊಂಡು ಹೋದವನು ವಾಪಸು ಬರಲಿಲ್ಲ. ಪಾಂಪೆಯ ಪಕ್ಕದ ಸ್ಟೇಬಿಯೆ ಎಂಬಲ್ಲಿ ತೀರಿಕೊಂಡ.

ಪಾಂಪೆಯ ಮೇಲೆ ಮೊದಲು ಬಿದ್ದದ್ದು ಹಗುರವಾದ ತೂತುಗಲ್ಲುಗಳ ಮಳೆ. ರಾತ್ರಿಯೆಲ್ಲ ಸುರಿದು ಆಳೆತ್ತರ ಮೀರಿ ನಿಂತಿತು. ಭಾರಕ್ಕೆ ಮಾಳಿಗೆಗಳು ಕುಸಿದವು. ಹೆಚ್ಚಿನ ಜನ ಆ ಹೊತ್ತಿನಲ್ಲಿ ಓಡಿ ತಪ್ಪಿಸಿಕೊಂಡಿರಬೇಕು. ಏಕೆಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರಿದ್ದಿರಬಹುದಾದ ಊರಿನಲ್ಲಿ ಇದುವರೆಗೆ ಸಿಕ್ಕಿರುವುದು ಸಾವಿರದ ಚಿಲ್ಲರೆ ದೇಹಗಳ ಗುರುತು. ಮಾರನೆಯ ಬೆಳಗ್ಗೆ ಕುದಿಯುವ ಗಾಳಿ, ಬೂದಿ ಬೆಟ್ಟದಿಂದ ಇಳಿದು ಬಂತು. ಉಳಿದವರು ಅದಕ್ಕೆ ಸಿಕ್ಕಿದರು.

ಈ ಘಟನೆ ಆಗಸ್ಟ್ 24ರಂದು ನಡೆಯಿತೆಂದು ಬಹಳ ಕಾಲ ಪುಸ್ತಕಗಳಲ್ಲಿತ್ತು. 2018ರಲ್ಲಿ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚಿದ ಒಂದು ಸಾಲು ಸಿಕ್ಕಿತು. ಅದರಲ್ಲಿದ್ದ ತಾರೀಕು ಅಕ್ಟೋಬರ್ 17ಕ್ಕೆ ಸರಿಹೊಂದುತ್ತದೆ. ಇದ್ದಿಲಿನ ಬರಹ ಗೋಡೆಯ ಮೇಲೆ ವರ್ಷಗಟ್ಟಲೆ ನಿಲ್ಲುವುದಿಲ್ಲ. ಹಾಗಾಗಿ ಬೆಟ್ಟ ಸಿಡಿದದ್ದು ಅಕ್ಟೋಬರ್ ಕೊನೆಯಲ್ಲಿ ಇರಬೇಕೆಂದು ಈಗ ಅನೇಕ ವಿದ್ವಾಂಸರು ಹೇಳುತ್ತಾರೆ. ಗಾರೆ ಕೆಲಸಕ್ಕೆ ಬಂದ ಯಾವನೋ ಒಬ್ಬ ಗೀಚಿರಬಹುದಾದ ಸಾಲು ಇತಿಹಾಸದ ಪುಸ್ತಕವನ್ನೇ ತಿದ್ದಿತು. ನಮ್ಮ ಮೇಷ್ಟ್ರು ಕೇಳಿದ್ದರೆ ಬಹಳ ಸಂತೋಷಪಡುತ್ತಿದ್ದರು.

ಬೀದಿ, ನೀರು, ಸೇರು

ಊರ ಬಾಗಿಲು ದಾಟಿ ಸ್ವಲ್ಪ ಏರು ಹತ್ತಿದರೆ ದೊಡ್ಡ ಮೈದಾನ ಬರುತ್ತದೆ. ಅದಕ್ಕೆ ಫೋರಂ ಎನ್ನುತ್ತಾರೆ. ಸಂತೆ, ಪಂಚಾಯಿತಿ, ಗುಡಿ, ಕೋರ್ಟು ಎಲ್ಲ ಅದರ ಸುತ್ತಲೇ. ಒಂದು ತುದಿಯಲ್ಲಿ ದೇವತೆಗಳ ರಾಜ ಜುಪಿಟರನ ಗುಡಿಯ ಕಂಬಗಳು, ಅದರ ನೇರ ಹಿಂದೆ ವೆಸೂವಿಯಸ್. ಫೋಟೋ ತೆಗೆಯುವವರೆಲ್ಲ ಅಲ್ಲೇ ನಿಂತಿದ್ದರು.

ನನ್ನನ್ನು ನಿಲ್ಲಿಸಿದ್ದು ಪಕ್ಕದ ಗೋಡೆಯ ಗೂಡಿನಲ್ಲಿದ್ದ ಒಂದು ಕಲ್ಲಿನ ಹಲಗೆ. ಅದರಲ್ಲಿ ಸಣ್ಣದು ದೊಡ್ಡದು ಒಂಬತ್ತು ಗುಂಡಿಗಳು, ಗುಂಡಿಗಳ ತಳದಲ್ಲಿ ತೂತು. ಅದು ಊರಿನ ಅಳತೆಯ ಕಲ್ಲು. ಕಾಳನ್ನು ಗುಂಡಿಗೆ ಸುರಿದು ಅಳೆದು, ಕೆಳಗಿನ ತೂತಿನಿಂದ ಚೀಲಕ್ಕೆ ಬಿಡುವುದು. ನಮ್ಮಲ್ಲಿ ಚಟಾಕು, ಪಾವು, ಅಚ್ಚೇರು, ಸೇರು ಇದ್ದ ಹಾಗೆ. ಮೊದಲು ಅದರ ಮೇಲೆ ಆ ಸೀಮೆಯ ಹಳೆಯ ಆಸ್ಕನ್ ಭಾಷೆಯಲ್ಲಿ ಅಳತೆಗಳ ಹೆಸರಿತ್ತು. ರೋಮಿನ ಆಳ್ವಿಕೆ ಬಲವಾದ ಮೇಲೆ, ಚಕ್ರವರ್ತಿ ಅಗಸ್ಟಸ್‌ನ ಕಾಲದಲ್ಲಿ, ಹಳೆಯ ಹೆಸರುಗಳನ್ನು ಕೆತ್ತಿ ತೆಗೆದು ಗುಂಡಿಗಳನ್ನು ರೋಮನ್ ಅಳತೆಗೆ ದೊಡ್ಡದು ಮಾಡಿದರು. ನಮ್ಮ ತಾತಂದಿರು ಸೇರಿನಿಂದ ಕಿಲೋಗೆ ಬಂದದ್ದನ್ನು ನೆನೆಸಿಕೊಂಡೆ. ಆಳುವವರು ಬದಲಾದ ಸುದ್ದಿ ಸಾಮಾನ್ಯ ಜನರಿಗೆ ಮುಟ್ಟುವುದು ಸಂತೆಯ ಅಳತೆಯಲ್ಲಿ, ಆಡುವ ಮಾತಿನಲ್ಲಿ. ಪಾಂಪೆಯ ಜನ ಕ್ರಮೇಣ ಆಸ್ಕನ್ ಬಿಟ್ಟು ಲ್ಯಾಟಿನ್ ಆಡಿದರು. ಅವರ ಮೊದಲ ಭಾಷೆ ಇವತ್ತು ಕಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಇಲ್ಲ.

ಬೀದಿಗಳಿಗೆ ಕಪ್ಪು ಬಂಡೆ ಹಾಸಿದ್ದಾರೆ. ಎತ್ತು, ಹೇಸರಗತ್ತೆಯ ಗಾಡಿಗಳ ಚಕ್ರ ಓಡಿ ಓಡಿ ಬಂಡೆಯಲ್ಲಿ ಗೇಣುದ್ದ ಅಗಲದ ಗಾಲಿಜಾಡು ಬಿದ್ದಿದೆ. ಮಳೆನೀರು, ಬಚ್ಚಲ ನೀರು ಬೀದಿಯಲ್ಲೇ ಹರಿಯುತ್ತಿದ್ದರಿಂದ ಆಚೆಗೆ ದಾಟಲು ಎತ್ತರದ ದಾಟುಗಲ್ಲುಗಳನ್ನು ಇಟ್ಟಿದ್ದಾರೆ. ಕಲ್ಲುಗಳ ನಡುವಿನ ಸಂದಿ ಗಾಡಿಯ ಚಕ್ರ ತೂರುವಷ್ಟು.

ಊರಿನ ಎತ್ತರದ ಬಾಗಿಲ ಬಳಿ ನೀರು ಹಂಚುವ ಒಂದು ಕಟ್ಟಡವಿದೆ. ಮೇಲುಗಾಲುವೆಯಲ್ಲಿ ದೂರದಿಂದ ಬಂದ ನೀರು ಅಲ್ಲಿ ಮೂರು ಪಾಲಾಗಿ ಸೀಸದ ಪೈಪುಗಳಲ್ಲಿ ಊರೊಳಗೆ ಇಳಿಯುತ್ತಿತ್ತು. ಇಳಿಜಾರಿನಲ್ಲಿ ಒತ್ತಡ ಹೆಚ್ಚಾಗಿ ಪೈಪು ಒಡೆಯದಿರಲಿ ಎಂದು ನಡುನಡುವೆ ಎತ್ತರದ ಕಂಬ ಕಟ್ಟಿ ಅದರ ಮೇಲೆ ತೊಟ್ಟಿ ಇಟ್ಟಿದ್ದರು. ನಮ್ಮ ಓಣಿಯ ತೊಂಬೆಗೂ ಇದಕ್ಕೂ ಉಪಾಯ ಒಂದೇ. ಬೀದಿಯ ಮೂಲೆಗಳಲ್ಲಿ ಸುಮಾರು ನಲವತ್ತು ಸಾರ್ವಜನಿಕ ನೀರಿನ ತೊಟ್ಟಿಗಳಿವೆ. ತೊಟ್ಟಿಯ ಕಲ್ಲಿನ ಅಂಚು ಒಂದು ಕಡೆ ಸವೆದು ತಗ್ಗಾಗಿರುತ್ತದೆ. ಬಗ್ಗಿ ನೀರು ಕುಡಿಯುವವರು, ಕೊಡ ಹಿಡಿಯುವವರು ಕೈಯೂರಿದ ಜಾಗ ಅದು. ನಾನೂ ಅಲ್ಲಿ ಕೈಯಿಟ್ಟು ನೋಡಿದೆ, ಅಂಗೈ ಸರಿಯಾಗಿ ಕೂರುತ್ತದೆ. ಎರಡು ಸಾವಿರ ವರ್ಷ ಹಿಂದಿನವರ ಎತ್ತರ, ಅಭ್ಯಾಸ, ದಾಹ ಎಲ್ಲ ನಮ್ಮದೇ ಅಂತ ಪುಸ್ತಕ ಎಷ್ಟು ಹೇಳಿದರೂ ಹೀಗೆ ಮನಸ್ಸಿಗೆ ಇಳಿಯುವುದಿಲ್ಲ.

ಗೋಡೆ ಮೇಲಿನ ಎಲೆಕ್ಷನ್

ನಮ್ಮೂರಲ್ಲಿ ಪಂಚಾಯಿತಿ ಚುನಾವಣೆ ಬಂದರೆ ಗೋಡೆಗಳ ಗತಿ ಏನಾಗುತ್ತಿತ್ತೆಂದು ಎಲ್ಲರಿಗೂ ಗೊತ್ತು. ಪಾಂಪೆಯಲ್ಲೂ ಅದೇ ಕಥೆ. ಆ ಊರಿಗೆ ಪ್ರತಿ ವರ್ಷ ಅಧಿಕಾರಿಗಳ ಚುನಾವಣೆ ನಡೆಯುತ್ತಿತ್ತು. ಗೋಡೆಗೆ ಸುಣ್ಣ ಬಳಿದು ಅದರ ಮೇಲೆ ಕೆಂಪು, ಕಪ್ಪು ಬಣ್ಣದಲ್ಲಿ ಬರೆದ ಚುನಾವಣಾ ಬರಹಗಳು ಎರಡು ಸಾವಿರಕ್ಕೂ ಹೆಚ್ಚು ಸಿಕ್ಕಿವೆ. ಗೆದ್ದವರಿಗೆ ರಸ್ತೆ, ಮಾರುಕಟ್ಟೆ, ಗುಡಿಗಳ ಉಸ್ತುವಾರಿ. ಒಬ್ಬನ ಪರವಾಗಿ ಹಣ್ಣಿನ ವ್ಯಾಪಾರಿಗಳು ಬರೆಸಿದ್ದಾರೆ, ಇನ್ನೊಬ್ಬನ ಪರವಾಗಿ ಅಕ್ಕಸಾಲಿಗರು. ಗಾಯಸ್ ಜೂಲಿಯಸ್ ಪಾಲಿಬಿಯಸ್ ಎಂಬ ಅಭ್ಯರ್ಥಿಯನ್ನು ಆರಿಸಿ, ಅವನು ಒಳ್ಳೆಯ ಬ್ರೆಡ್ ಕೊಡಿಸುತ್ತಾನೆ ಎಂದು ಒಂದು ಬರಹ ಹೇಳುತ್ತದೆ. ವೇಟಿಯ ಎಂಬವನಿಗೆ 'ರಾತ್ರಿ ಹೊತ್ತು ಮೀರಿ ಕುಡಿಯುವವರೆಲ್ಲರ ಬೆಂಬಲವಿದೆ' ಎಂಬರ್ಥದ ಬರಹವೂ ಇದೆ. ವಿರೋಧಿಗಳು ಮಾಡಿದ ಕಿಡಿಗೇಡಿತನವೆಂದು ಕೆಲವರು ಹೇಳುತ್ತಾರೆ. ಹೆಂಗಸರಿಗೆ ಮತವಿರಲಿಲ್ಲ. ಆದರೂ ಒಂದು ಹೋಟೆಲಿನ ಗೋಡೆಯ ಮೇಲೆ ಹೆಂಗಸರು ತಮ್ಮ ಹೆಸರು ಹಾಕಿ ಅಭ್ಯರ್ಥಿಯನ್ನು ಬೆಂಬಲಿಸಿದ್ದಾರೆ.

ಊರಿನ ಪೂರ್ವದ ತುದಿಯಲ್ಲಿ ದೊಡ್ಡ ದುಂಡು ಅಖಾಡವಿದೆ. ಕ್ರಿ.ಪೂ. 70ರ ಸುಮಾರಿಗೆ ಕಟ್ಟಿದ್ದು, ಸುಮಾರು 20,000 ಜನ ಕೂರಬಹುದು. ಕ್ರಿ.ಶ. 59ರಲ್ಲಿ ಅಲ್ಲಿ ನಡೆದ ಆಟ ನೋಡಲು ಪಕ್ಕದ ನ್ಯೂಕೀರಿಯ ಊರಿನವರೂ ಬಂದಿದ್ದರು. ಮಾತಿಗೆ ಮಾತು ಬೆಳೆದು, ಕಲ್ಲು ತೂರಾಟವಾಗಿ, ಕತ್ತಿಗಳು ಹೊರಬಂದು ಎಷ್ಟೋ ಜನ ಸತ್ತರು. ದೂರು ರೋಮಿನವರೆಗೆ ಹೋಗಿ ಹತ್ತು ವರ್ಷ ಅಂಥ ಆಟಗಳನ್ನೇ ನಿಷೇಧಿಸಿದರು. ಜಾತ್ರೆಯ ಕುಸ್ತಿಯಲ್ಲಿ, ಕಬಡ್ಡಿ ಪಂದ್ಯದಲ್ಲಿ ಊರೂರಿಗೆ ಆದ ಜಗಳಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಬೀಸುಕಲ್ಲು ಮತ್ತು ಬೀಸಿದವರು

ಪಾಂಪೆಯಲ್ಲಿ ಬ್ರೆಡ್ ಮಾಡುವ ಅಂಗಡಿಗಳು ಮೂವತ್ತಕ್ಕೂ ಹೆಚ್ಚು. ಒಂದು ಬೇಕರಿಯ ಅಂಗಳದಲ್ಲಿ ಎದೆಮಟ್ಟದ ನಾಲ್ಕು ಬೀಸುಕಲ್ಲುಗಳು ನಿಂತಿವೆ. ಕೆಳಗೆ ಗೋಪುರದಂಥ ಕಲ್ಲು, ಅದರ ಮೇಲೆ ಡಮರುಗದ ಆಕಾರದ ಇನ್ನೊಂದು. ಎರಡೂ ಕಪ್ಪು ಕಲ್ಲಿನವು. ಮೇಲಿನ ಕಲ್ಲಿಗೆ ಮರದ ನೊಗ ಸಿಕ್ಕಿಸಿ ಕತ್ತೆಯನ್ನು ಕಟ್ಟಿ ತಿರುಗಿಸುತ್ತಿದ್ದರು. ಅಲ್ಲಿಂದಲೇ ಅವ್ವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ.

"ಇಷ್ಟು ದೊಡ್ಡ ಬೀಸೋ ಕಲ್ಲಾ? ಎತ್ತು ಕಟ್ತಿದ್ರೇನೋ?" ಎಂದು ಕೇಳಿದಳು.

"ಕತ್ತೆ, ಅವ್ವಾ. ಕೆಲವು ಕಡೆ ಆಳುಗಳೂ ತಿರುಗಿಸ್ತಿದ್ರಂತೆ."

"ಕೂಲಿ ಏನು ಕೊಡ್ತಿದ್ರೋ?"

"ಕೂಲಿ ಇಲ್ಲ. ಕೊಂಡು ತಂದ ಆಳುಗಳು."

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ನಾವು ನಸುಕಿನಾಗೆ ಎದ್ದು ಬೀಸ್ತಿದ್ವಿ. ತೋಳು ಬಿದ್ದೋಗದು. ಆದ್ರೂ ಪದ ಹೇಳ್ಕೊಂಡು ಬೀಸ್ತಿದ್ವಿ. ಅವ್ರು ಏನು ಹೇಳ್ಕೊಂಡು ಬೀಸಿದ್ರೋ ಪಾಪ" ಎಂದಳು.

ಅವ್ವನ ಈ ಪ್ರಶ್ನೆಗೆ ಉತ್ತರ ಕೊಡುವಂಥ ಒಂದು ಜಾಗ 2023ರಲ್ಲಿ ಅಗೆತದಲ್ಲಿ ಸಿಕ್ಕಿದೆ. ಅದೂ ಒಂದು ಬೇಕರಿಯೇ. ಕಿರಿದಾದ ಕೋಣೆ, ಮೇಲೆ ಕಬ್ಬಿಣದ ಸರಳು ಹಾಕಿದ ಸಣ್ಣ ಕಿಟಕಿಗಳು, ಹೊರಗಿನ ಬೀದಿಗೆ ಬಾಗಿಲೇ ಇಲ್ಲ. ಹೊರಗೆ ಬರಬೇಕಾದರೆ ಯಜಮಾನನ ಮನೆಯೊಳಗಿಂದಲೇ ಬರಬೇಕು. ಸುತ್ತು ತಿರುಗುವ ಪ್ರಾಣಿ ಹೆಜ್ಜೆ ತಪ್ಪದಿರಲೆಂದು ನೆಲದ ಬಂಡೆಯಲ್ಲಿ ಕಚ್ಚು ಕೊರೆದಿದ್ದಾರೆ. ಅಲ್ಲಿ ಗುಲಾಮರನ್ನೂ ಕತ್ತೆಗಳನ್ನೂ ಒಟ್ಟಿಗೆ ಕೂಡಿ ಹಾಕುತ್ತಿದ್ದರೆಂದು ಅಗೆದವರ ಅಭಿಪ್ರಾಯ. ಊರ ಹೊರಗಿನ ತೋಟದ ಮನೆಯೊಂದರಲ್ಲಿ 2021ರಲ್ಲಿ ಹದಿನಾರು ಚದರ ಮೀಟರಿನ ಒಂದು ಕೋಣೆ ಸಿಕ್ಕಿತು. ಮೂರು ಮರದ ಮಂಚ, ಅದರಲ್ಲೊಂದು ಮಗುವಿನ ಅಳತೆಯದು, ಮೂಲೆಯಲ್ಲಿ ಮಡಕೆಗಳು, ಕುದುರೆಯ ಸಾಮಾನು. ಒಂದು ಗುಲಾಮ ಕುಟುಂಬ ಅಲ್ಲಿ ಮಲಗುತ್ತಿದ್ದಿರಬೇಕು.

ಅದೇ ಊರಿನಲ್ಲಿ ವೆಟ್ಟಿ ಸಹೋದರರ ಮನೆಯನ್ನೂ ನೋಡಿದೆ. ಗೋಡೆ ತುಂಬ ಚಿತ್ರ, ನಡುವೆ ತೋಟ, ಕಾರಂಜಿ. ಆ ಇಬ್ಬರೂ ಗುಲಾಮಗಿರಿಯಿಂದ ಬಿಡುಗಡೆಯಾಗಿ ವ್ಯಾಪಾರದಲ್ಲಿ ಹಣ ಮಾಡಿದವರೆಂದು ಇತಿಹಾಸಕಾರರು ಹೇಳುತ್ತಾರೆ. ರೋಮನ್ ಸಮಾಜದಲ್ಲಿ ಗುಲಾಮನಿಗೆ ಬಿಡುಗಡೆಯ ದಾರಿ ಇತ್ತು, ನಿಜ. ಆದರೆ ಬೀಸುಕಲ್ಲಿನ ಕೋಣೆಯಲ್ಲಿದ್ದವರಲ್ಲಿ ಎಷ್ಟು ಜನಕ್ಕೆ ಆ ದಾರಿ ಸಿಕ್ಕಿತೆಂದು ಯಾರೂ ಬರೆದಿಟ್ಟಿಲ್ಲ.

ಮಾರನೆಯ ದಿನ ನೇಪಲ್ಸ್‌ನ ವಸ್ತುಸಂಗ್ರಹಾಲಯಕ್ಕೆ ಹೋದಾಗ ಇದ್ದಿಲಾಗಿ ಉಳಿದ ಬ್ರೆಡ್‌ಗಳನ್ನು ಕಂಡೆ. 1862ರಲ್ಲಿ ಪಾಂಪೆಯ ಒಂದು ಒಲೆಯನ್ನು ತೆರೆದಾಗ ಒಳಗೆ 81 ಬ್ರೆಡ್‌ಗಳು ಇಟ್ಟ ಹಾಗೇ ಇದ್ದವಂತೆ. ದುಂಡಗೆ, ಎಂಟು ಹೋಳಿಗೆ ಗೆರೆ ಎಳೆದು ಮಾಡಿದವು. ಪಕ್ಕದ ಹರ್ಕ್ಯುಲೇನಿಯಂ ಎಂಬ ಊರಿನಲ್ಲಿ ಸಿಕ್ಕ ಒಂದು ಬ್ರೆಡ್ ಮೇಲೆ ಮುದ್ರೆ ಒತ್ತಿದೆ: ಇದು ಕ್ವಿಂಟಸ್ ಗ್ರಾನಿಯಸ್ ವೀರಸ್‌ನ ಗುಲಾಮ ಕೆಲೆರ್‌ನದು ಎಂದು. ದೊಡ್ಡ ದೊಡ್ಡವರ ಹೆಸರು ಅಮೃತಶಿಲೆಯ ಮೇಲಿದೆ, ಕೆಲೆರ್‌ನ ಹೆಸರು ಉಳಿದದ್ದು ಒಂದು ಬ್ರೆಡ್ ಮೇಲೆ.

ಬೂದಿಯೊಳಗಿನ ಜನ

ಹೂತುಹೋದ ದೇಹಗಳು ಕರಗಿ ಬೂದಿಯಲ್ಲಿ ಬರೀ ಟೊಳ್ಳು ಉಳಿದಿರುತ್ತಿತ್ತು. 1863ರಲ್ಲಿ ಅಗೆತದ ಮುಖ್ಯಸ್ಥನಾಗಿದ್ದ ಜ್ಯುಸೆಪ್ಪೆ ಫಿಯೊರೆಲ್ಲಿ ಎಂಬವನು ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದ. ಗಟ್ಟಿಯಾದ ಮೇಲೆ ಸುತ್ತಲಿನ ಬೂದಿ ಬಿಡಿಸಿದರೆ ಸತ್ತ ಮನುಷ್ಯನ ಆಕಾರ ಬಟ್ಟೆಯ ನೆರಿಗೆ ಸಮೇತ ಎದ್ದು ಬಂತು. ನಮ್ಮಲ್ಲಿ ಮೇಣದ ಅಚ್ಚಿಗೆ ಕಂಚು ಎರೆಯುವ ಕೆಲಸದ ಹಾಗೆ. 'ಓಡಿಹೋದವರ ತೋಟ' ಎಂದು ಕರೆಯುವ ಒಂದು ದ್ರಾಕ್ಷಿ ತೋಟದ ಗೋಡೆಯ ಬುಡದಲ್ಲಿ ಹದಿಮೂರು ಜನ ಮಲಗಿದ್ದಾರೆ, ದೊಡ್ಡವರೂ ಮಕ್ಕಳೂ. ಗಾಜಿನ ಆಚೆ ನಿಂತು ನೋಡುವಾಗ ಗಲಾಟೆ ಮಾಡುತ್ತಿದ್ದ ಪ್ರವಾಸಿಗಳೂ ಸುಮ್ಮನಾಗುತ್ತಿದ್ದರು.

ಇನ್ನೊಂದು ಮನೆಯಲ್ಲಿ ಚಿನ್ನದ ಕಡಗ ತೊಟ್ಟ ಒಬ್ಬರು ಮಗುವಿನ ಜೊತೆ ಸಿಕ್ಕಿದ್ದರು. ತಾಯಿ ಮಗು ಎಂದು ಎಷ್ಟೋ ವರ್ಷ ಗೈಡುಗಳು ಕಥೆ ಹೇಳಿದರು. ನಾನು ಬಂದ ಆರೇಳು ತಿಂಗಳ ಮೇಲೆ, 2024ರ ನವೆಂಬರ್‌ನಲ್ಲಿ, ಮೂಳೆಯ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟವಾಯಿತು. ಕಡಗ ತೊಟ್ಟವರು ಗಂಡಸು, ಮಗುವಿಗೂ ಅವರಿಗೂ ರಕ್ತಸಂಬಂಧವಿಲ್ಲ. ಒಡವೆ ಕಂಡ ಕೂಡಲೇ ಹೆಂಗಸು, ಮಗು ಕಂಡ ಕೂಡಲೇ ತಾಯಿ ಎಂದು ನೋಡುವವರು ಕಟ್ಟಿಕೊಂಡಿದ್ದರು. ಅವರು ಯಾರಿಗೆ ಏನಾಗಬೇಕೋ ತಿಳಿಯದು. ಪರರ ಮಗುವನ್ನು ಆ ಹೊತ್ತಿನಲ್ಲಿ ಬಿಟ್ಟು ಹೋಗದವರು ಎನ್ನುವುದಂತೂ ಕಣ್ಣಿಗೆ ಕಾಣುತ್ತದೆ.

ಸಾಫ್ಟ್‌ವೇರ್ ಕೆಲಸ ಮಾಡುವವನಾಗಿ ಇಲ್ಲಿ ಒಂದು ಮಾತು. ಹರ್ಕ್ಯುಲೇನಿಯಂನ ಒಂದು ದೊಡ್ಡ ಮನೆಯಲ್ಲಿ 1752ರಲ್ಲಿ ನೂರಾರು ಸುರುಳಿ ಪುಸ್ತಕಗಳು ಸಿಕ್ಕವು. ಸುಟ್ಟು ಇದ್ದಿಲಾಗಿದ್ದವು, ಬಿಚ್ಚಲು ಹೋದರೆ ಪುಡಿಯಾಗುತ್ತಿದ್ದವು. ಈಗ ಅವನ್ನು ಬಿಚ್ಚದೆ, ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನಂಥ ಆದರೆ ಇನ್ನೂ ಸೂಕ್ಷ್ಮವಾದ ಸ್ಕ್ಯಾನ್ ಮಾಡಿ, ಕೃತಕ ಬುದ್ಧಿಮತ್ತೆಯ ಪ್ರೋಗ್ರಾಂಗಳಿಂದ ಶಾಯಿಯ ಗುರುತು ಹುಡುಕುತ್ತಾರೆ. 2023ರಲ್ಲಿ ಮೊದಲ ಪದ ಓದಿದ್ದು ಲ್ಯೂಕ್ ಫ್ಯಾರಿಟರ್ ಎಂಬ 21 ವರ್ಷದ ಕಾಲೇಜು ಹುಡುಗ. ಆ ಗ್ರೀಕ್ ಪದದ ಅರ್ಥ 'ನೇರಳೆ ಬಣ್ಣ'. 2024ರ ಫೆಬ್ರವರಿಯಲ್ಲಿ ಅವನೂ ಇನ್ನಿಬ್ಬರು ಯುವಕರೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಅಕ್ಷರ ಓದಿ ದೊಡ್ಡ ಬಹುಮಾನ ಗೆದ್ದರು. ಕಂಪ್ಯೂಟರ್ ಓದುವ ಮಕ್ಕಳಿಗೆ ಇತಿಹಾಸ ಬೇಡ, ಇತಿಹಾಸ ಓದುವವರಿಗೆ ಕಂಪ್ಯೂಟರ್ ಬೇಡ ಎಂಬ ಮಾತು ಇನ್ನು ನಡೆಯುವುದಿಲ್ಲ.

ಪಾಂಪೆಗೂ ನಮ್ಮ ಸೀಮೆಗೂ

1938ರಲ್ಲಿ ಪಾಂಪೆಯ ಒಂದು ಮನೆಯಲ್ಲಿ ದಂತದ ಸಣ್ಣ ಹೆಣ್ಣು ವಿಗ್ರಹ ಸಿಕ್ಕಿತು. ಸುಮಾರು ಒಂದು ಗೇಣೆತ್ತರ, ಎರಡೂ ಪಕ್ಕ ಸೇವಕಿಯರು, ಮೈತುಂಬ ಒಡವೆ. ಇದು ಭಾರತದಿಂದ ಹೋದದ್ದು. ಮೊದಲು 'ಲಕ್ಷ್ಮಿ' ಎಂದರು, ಈಗ ಯಕ್ಷಿ ಇರಬೇಕೆನ್ನುತ್ತಾರೆ. ಇದನ್ನು ಹೋಲುವ ವಿಗ್ರಹಗಳು ಮಹಾರಾಷ್ಟ್ರದ ಭೋಕರ್ದನ್ ಮತ್ತು ತೇರ್ ಎಂಬಲ್ಲಿ ಸಿಕ್ಕಿವೆ. ಶಾತವಾಹನರ ಕಾಲದ ದಖ್ಖನ್ನಿನ ಕುಶಲಕರ್ಮಿಯ ಕೆಲಸ ಸಮುದ್ರ ದಾಟಿ ವೆಸೂವಿಯಸ್ ಬುಡಕ್ಕೆ ಹೋಗಿತ್ತು. ನೇಪಲ್ಸ್‌ನ ಸಂಗ್ರಹಾಲಯದಲ್ಲಿ ಆ ವಿಗ್ರಹದ ಮುಂದೆ ಬಹಳ ಹೊತ್ತು ನಿಂತಿದ್ದೆ.

ಮೆಣಸು, ಮುತ್ತು, ಹತ್ತಿಬಟ್ಟೆ, ದಂತ ಇಲ್ಲಿಂದ ಹೋಗುತ್ತಿದ್ದವು. ಅಲ್ಲಿಂದ ಬರುತ್ತಿದ್ದದ್ದು ಮುಖ್ಯವಾಗಿ ಬೆಳ್ಳಿ, ಬಂಗಾರದ ನಾಣ್ಯ. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹರಿದು ಹೋಗುತ್ತಿದೆ ಎಂದು ತನ್ನ ಗ್ರಂಥದಲ್ಲಿ ಗೊಣಗಿದವನು ಬೇರೆ ಯಾರೂ ಅಲ್ಲ, ವೆಸೂವಿಯಸ್‌ಗೆ ಬಲಿಯಾದ ಅದೇ ಹಿರಿಯ ಪ್ಲಿನಿ. ಆ ಹಣದ ಒಂದು ಚೂರು ಎಲ್ಲಿ ಬಂದು ಬಿದ್ದಿತು ಗೊತ್ತೇ? ನಮ್ಮ ಜಿಲ್ಲೆಯ ಚಂದ್ರವಳ್ಳಿಯಲ್ಲಿ. ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಅಲ್ಲಿ ಸಿಕ್ಕಿವೆ, ಶಾತವಾಹನರ ನಾಣ್ಯಗಳ ಜೊತೆಗೆ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲೂ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಸಿಕ್ಕಿತ್ತು. ಎಂ.ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ 1929ರ ಸುಮಾರಿಗೆ ಅಗೆತ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯನ್ನು ಮತ್ತೆ ಅಗೆದರು. ರೋಮನ್ ನಾಣ್ಯದ ಕಾಲ ಗೊತ್ತಿದ್ದದ್ದರಿಂದಲೇ ಅದರ ಜೊತೆ ಸಿಕ್ಕ ನಮ್ಮ ಮಡಕೆ ಚೂರುಗಳ ಕಾಲವನ್ನೂ ಹೇಳಲು ಅನುಕೂಲವಾಯಿತು. ನಮ್ಮ ಸೀಮೆಯ ಕಾಲಗಣನೆಗೆ ರೋಮಿನ ನಾಣ್ಯವೂ ಒಂದು ಆಧಾರ.

ಎಂಟನೇ ತರಗತಿಯಲ್ಲಿ ಶಾಲೆಯಿಂದ ಚಂದ್ರವಳ್ಳಿಗೆ ಪ್ರವಾಸ ಹೋದದ್ದು ನಮ್ಮ ತಂಡದವರಿಗೆಲ್ಲ ನೆನಪಿರಬಹುದು. ಬಂಡೆಯ ಮೇಲಿನ ಮಯೂರಶರ್ಮನ ಕೆರೆ ಶಾಸನ ತೋರಿಸಿದ್ದರು. ಆ ಬಂಡೆಯ ಸುತ್ತಲ ನೆಲದಲ್ಲಿ ಪಾಂಪೆಯ ಸಂತೆಯಲ್ಲಿ ಚಲಾವಣೆಯಲ್ಲಿದ್ದಂಥ ನಾಣ್ಯಗಳೇ ಸಿಕ್ಕಿದ್ದವು.

ಹಾಳೂರ ದಿಬ್ಬದ ಮಾತು

ಪಾಂಪೆಯ ಕಥೆಯಲ್ಲಿ ನನ್ನನ್ನು ಬಹಳ ಕಾಡಿದ ಒಂದು ಸಂಗತಿ ಇದೆ. 1590ರ ದಶಕದಲ್ಲಿ ಡೊಮೆನಿಕೊ ಫೊಂಟಾನ ಎಂಬ ಹೆಸರಾಂತ ಇಂಜಿನಿಯರ್ ಆ ನೆಲದಡಿ ಒಂದು ನೀರಿನ ಕಾಲುವೆ ತೋಡಿಸಿದ. ಕಾಲುವೆ ಪಾಂಪೆಯ ಮನೆಗಳನ್ನು, ಗೋಡೆಗಳನ್ನು ಸೀಳಿಕೊಂಡು ಹೋಯಿತು. ಅಕ್ಷರ ಕೆತ್ತಿದ ಕಲ್ಲುಗಳೂ ಸಿಕ್ಕವು. ಆದರೂ ತಾನು ತೋಡುತ್ತಿರುವುದು ಪಾಂಪೆ ಎಂದು ಗುರುತಾಗಲಿಲ್ಲ. ನೆಲದ ಜನ ಆ ಜಾಗವನ್ನು ಸುಮ್ಮನೆ 'ಚಿವಿತ', ಅಂದರೆ 'ಪಟ್ಟಣ', ಎಂದು ಕರೆಯುತ್ತಿದ್ದರು. ಹೆಸರಿನಲ್ಲಿ ಊರು ಉಳಿದಿತ್ತು, ಯಾಕೆ ಆ ಹೆಸರು ಎಂದು ಯಾರೂ ಕೇಳಿರಲಿಲ್ಲ. ಅಗೆತ ಶುರುವಾದದ್ದು 1748ರಲ್ಲಿ, ಊರಿನ ಹೆಸರು ಖಚಿತವಾದದ್ದು 1763ರಲ್ಲಿ ಸಿಕ್ಕ ಒಂದು ಶಾಸನದಿಂದ. ಶುರುವಿನಲ್ಲಿ ಅಗೆದವರೂ ವಿಗ್ರಹ, ಚಿತ್ರ ಕಿತ್ತುಕೊಂಡು ಅರಮನೆಗೆ ಸಾಗಿಸಿ ಉಳಿದದ್ದನ್ನು ಹಾಳುಮಾಡಿದರು. ಇವತ್ತು 66 ಹೆಕ್ಟೇರಿನ ಆ ಊರಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬೇಕೆಂದೇ ಅಗೆಯದೆ ಬಿಟ್ಟಿದ್ದಾರೆ. ಮುಂದಿನವರ ಬಳಿ ಇನ್ನೂ ಒಳ್ಳೆಯ ಉಪಕರಣ ಇರುತ್ತದೆ, ಅವರು ಅಗೆಯಲಿ ಎಂದು.

ನಮ್ಮೂರ ಕೆರೆಯ ಹಿಂದೆಯೂ ಒಂದು 'ಹಾಳೂರ ದಿಬ್ಬ' ಇದೆ. ಹೆಸರೇ ಹೇಳುತ್ತದೆ. ಮಳೆ ಬಿದ್ದ ಮಾರನೆಯ ದಿನ ಅಲ್ಲಿ ಹೋದರೆ ಕಪ್ಪು ಕೆಂಪು ಮಡಕೆ ಚೂರು, ಶಂಖದ ಬಳೆ ಚೂರು, ಮಣಿ ಸಿಗುತ್ತಿದ್ದವು. ಹಿರಿಯರು ಅಲ್ಲಿಂದ ಹಾಳುಮಣ್ಣು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಜನ ನೂರಾರು ವರ್ಷ ಬಾಳಿದ ಜಾಗದ ಮಣ್ಣಿನಲ್ಲಿ ಬೂದಿ, ಗೊಬ್ಬರ, ಮೂಳೆ ಸೇರಿರುತ್ತದೆ, ಬೆಳೆ ಚೆನ್ನಾಗಿ ಬರುತ್ತದೆ. ಅದು ಅನುಭವದ ಮಾತು, ಅದರಲ್ಲಿ ತಪ್ಪು ಹುಡುಕುವ ಅರ್ಹತೆ ನನಗಿಲ್ಲ. ಎತ್ತಿನಗಾಡಿಯಲ್ಲಿ ವರ್ಷಕ್ಕೆ ನಾಲ್ಕು ಗಾಡಿ ಮಣ್ಣು ಹೋಗುತ್ತಿದ್ದ ಕಾಲಕ್ಕೂ ಜೆಸಿಬಿಯಲ್ಲಿ ದಿನಕ್ಕೆ ನಲವತ್ತು ಟ್ರಾಕ್ಟರ್ ಹೋಗುವ ಈ ಕಾಲಕ್ಕೂ ವ್ಯತ್ಯಾಸವಿದೆ, ಅಷ್ಟೇ. ನಾನು ಓದುವಾಗ ಆಳೆತ್ತರವಿದ್ದ ದಿಬ್ಬ ಈಗ ಮೊಣಕಾಲುದ್ದ. ಇನ್ನು ಹತ್ತು ವರ್ಷಕ್ಕೆ ಹೆಸರು ಮಾತ್ರ ಉಳಿಯುತ್ತದೆ. ಊರ ಬಾವಿಯ ಬಳಿ ಬಟ್ಟೆ ಒಗೆಯುವ ಕಲ್ಲಾಗಿರುವ ವೀರಗಲ್ಲಿನ ಮೇಲೆ ದನ ಬಿಡಿಸಲು ಹೋಗಿ ಸತ್ತ ಯಾವನೋ ಒಬ್ಬ ಇದ್ದಾನೆ. ಅವನ ಮುಖ ಆಗಲೇ ಸವೆದಿದೆ. ಕಾಲಬುಡದ ಎರಡು ಸಾಲು ಅಕ್ಷರ ಇನ್ನೂ ಇವೆ.

ಪಾಂಪೆಯನ್ನು ಉಳಿಸಿದ್ದು ಬೂದಿ. ನಮ್ಮ ದಿಬ್ಬವನ್ನು ಉಳಿಸಲು ಅಂಥದ್ದೇನೂ ಇಲ್ಲ, ನಾವೇ ಉಳಿಸಬೇಕು. ಅದಕ್ಕೆ ಕೋಟಿ ರೂಪಾಯಿಯ ಯೋಜನೆ ಬೇಡ. ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ಮೂರು ಸಣ್ಣ ಕೆಲಸ ಇಡುತ್ತಿದ್ದೇನೆ. ಒಂದು, ಒಂಬತ್ತನೇ ತರಗತಿಯ ಮಕ್ಕಳು ಪ್ರತಿ ವರ್ಷ ಊರಿನ ವೀರಗಲ್ಲು, ಮಾಸ್ತಿಕಲ್ಲು, ಹಳೆಯ ಬಾವಿ, ಕೆರೆ ತೂಬು, ಶಾಸನಗಳನ್ನು ಫೋಟೋ, ಅಳತೆ ಸಮೇತ ಒಂದು ದಫ್ತರದಲ್ಲಿ ಬರೆಯಲಿ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ 11ನೇ ಸಂಪುಟ ನಮ್ಮ ಜಿಲ್ಲೆಯದೇ. ಅದನ್ನು ಪಕ್ಕದಲ್ಲಿಟ್ಟುಕೊಂಡರೆ ಯಾವ ಕಲ್ಲು ದಾಖಲಾಗಿದೆ, ಯಾವುದು ಆಗಿಲ್ಲ ಎಂದು ತಿಳಿಯುತ್ತದೆ. ಇದಕ್ಕೆ ಬೇಕಾದ ಕ್ಯಾಮೆರಾ, ಕಂಪ್ಯೂಟರ್, ನಕ್ಷೆಯ ತಂತ್ರಾಂಶವನ್ನು ನಾನೂ ನನ್ನ ತಂಡದ ಗೆಳೆಯರೂ ಒದಗಿಸಿ ಮಕ್ಕಳಿಗೆ ಕಲಿಸುತ್ತೇವೆ. ಎರಡು, ದಿಬ್ಬದಲ್ಲಿ ಈಗ ಉಳಿದಿರುವ ಮೊಣಕಾಲುದ್ದವನ್ನಾದರೂ ಮುಟ್ಟದಂತೆ ಗ್ರಾಮಸಭೆಯಲ್ಲಿ ಒಂದು ಠರಾವು ಆಗಲಿ. ಮೂರು, ಉಳುವಾಗ ನಾಣ್ಯ, ವಿಗ್ರಹ ಸಿಕ್ಕರೆ ಮಾರದೆ, ಅಡಗಿಸದೆ ಸರ್ಕಾರಕ್ಕೆ ತಿಳಿಸಿ. ಕಾನೂನೂ ಅದನ್ನೇ ಹೇಳುತ್ತದೆ. ಸಿಕ್ಕ ಜಾಗ ಗೊತ್ತಿಲ್ಲದ ನಾಣ್ಯ ಬರೀ ಲೋಹದ ತುಂಡು, ಜಾಗ ಗೊತ್ತಿದ್ದರೆ ಅದೇ ಊರಿನ ಚರಿತ್ರೆ.

ನಮ್ಮ ಶಾಲೆಗೆ ಐವತ್ತು ತುಂಬಿದೆ. ಶಾಲೆ ಶುರುವಾದಾಗ ಗುಡಿಯ ಪಡಸಾಲೆಯಲ್ಲಿ ಪಾಠ ಕೇಳಿದ ಮೊದಲ ತಂಡದವರು ಈಗ ಅರವತ್ತು ದಾಟಿದ್ದಾರೆ. ಅವರು ಹೇಳುವುದನ್ನೂ ಮಕ್ಕಳು ಆ ದಫ್ತರದಲ್ಲೇ ಬರೆದುಕೊಳ್ಳಲಿ: ಆಗ ರಾಗಿ ಸೇರಿಗೆ ಎಷ್ಟಿತ್ತು, ನೀರು ಯಾವ ಬಾವಿಯಿಂದ ಬರುತ್ತಿತ್ತು, ಬೀಸುವಾಗ ಯಾವ ಪದ ಹೇಳುತ್ತಿದ್ದರು. ಬರುವ ಜೂನ್‌ನಲ್ಲಿ ಶಾಲೆ ತೆರೆದ ಮೊದಲ ಶನಿವಾರ ನಾನು ಊರಿಗೆ ಬರುತ್ತೇನೆ. ಬಾವಿಯ ಬಳಿಯ ವೀರಗಲ್ಲಿನ ಆ ಎರಡು ಸಾಲಿನಿಂದಲೇ ಕೆಲಸ ಶುರು ಮಾಡೋಣ.